ಗುಳ್ಳ, ಓವನ್, ಕಡಿಮೆ ಎಣ್ಣೆ: ಪ್ರಯೋಗ ಎಲ್ಲಿಗೆ ಬಂತು

ಎಣ್ಣೆ ಹೆಚ್ಚು ಕುಡಿಯುವ ಬದನೆ ಅಡುಗೆಗಳನ್ನು ಓವನ್‌ನಲ್ಲಿ ಕಡಿಮೆ ಎಣ್ಣೆಯಲ್ಲಿ ಮಾಡಿ ನೋಡುತ್ತಿದ್ದೇವೆ. ಉಡುಪಿ ಕಡೆ ಬದನೆಗೆ ಎಣ್ಣೆ ಸುರಿಯುವುದು ಮುಖ್ಯವಾಗಿ ಮೂರು ಅಡುಗೆಗಳಲ್ಲಿ: ಕಡಲೆಹಿಟ್ಟಿನ ಪೋಡಿ (ಹಿಟ್ಟಿನಲ್ಲಿ ಅದ್ದಿ ಕರಿದ ಬಿಲ್ಲೆ), ಕಾವಲಿಯ ಮೇಲೆ ಕಾಯಿಸುವ ರವೆ ಪೋಡಿ, ಮತ್ತು ಎಣ್ಣೆಗಾಯಿ. ಕೊನೆಯ ಎರಡನ್ನು ಓವನ್‌ಗೆ ಒಗ್ಗಿಸಿ ಆಗಿದೆ. ಕಡಲೆಹಿಟ್ಟಿನದನ್ನು ಕೈಬಿಟ್ಟಿದ್ದೇವೆ. ಹಿಟ್ಟು ಕೂಡಲೇ ಗಟ್ಟಿಯಾಗಿ ಉಬ್ಬಬೇಕಾದರೆ ಸುತ್ತಲೂ ಕಾದ ಎಣ್ಣೆಯೇ ಬೇಕು. ಓವನ್‌ನಲ್ಲಿ ಅದು ಟ್ರೇಗೆ ಹರಿದು ಅಂಟಿ, ಮೇಲೆ ಚರ್ಮದ ಹಾಗೆ ಜಗಿಯುವ ಪದರ ಉಳಿಯುತ್ತದೆ. ಪೋಡಿ ತಿನ್ನಬೇಕೆನಿಸಿದ ದಿನ ನಾಲ್ಕೇ ನಾಲ್ಕು ಕರಿದು ತಿನ್ನುವುದು ಮೇಲು. ಇವುಗಳ ಜತೆಗೆ ಇಡೀ ಗುಳ್ಳ (ನಮ್ಮ ಕಡೆಯ ಗುಂಡು ಹಸಿರು ಬದನೆ) ಸುಟ್ಟು ಮಾಡುವ ಬಜ್ಜಿಯೂ ಈ ಪಟ್ಟಿಗೆ ಸೇರಿದೆ. ಈ ಬಜ್ಜಿ ಕರಿದದ್ದಲ್ಲ, ಸುಟ್ಟ ತಿರುಳನ್ನು ಕಲಸಿದ ಗೊಜ್ಜು.

ಇಲ್ಲಿರುವ ಅಳತೆಗಳೆಲ್ಲ ಮೇಲೆ ಕೆಳಗೆ ಎರಡೂ ಕಡೆ ರಾಡ್ ಇರುವ 25 ಲೀಟರಿನ ಓಟಿಜಿಗೆ (ಮೇಜಿನ ಮೇಲಿಡುವ ಕರೆಂಟಿನ ಓವನ್). ಗುಂಡಿ ತೋರಿಸುವ ಡಿಗ್ರಿಗೂ ಒಳಗಿನ ಬಿಸಿಗೂ 20 ಡಿಗ್ರಿ ವ್ಯತ್ಯಾಸ ಇರುವುದು ಸಾಮಾನ್ಯ. ಒಳಗೆ ತೂಗುಹಾಕುವ ಓವನ್ ಥರ್ಮಾಮೀಟರ್ ಒಂದಿದ್ದರೆ ಮುಂದಿನ ಲೆಕ್ಕವೆಲ್ಲ ಸಲೀಸು.

ಎಣ್ಣೆ ಹೋಗುವುದು ಎಲ್ಲಿಗೆ

ಬದನೆಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನೀರೇ. ಹಾಗಿದ್ದೂ ಕೈಗೆ ಹಗುರ, ಏಕೆಂದರೆ ತಿರುಳಿನ ತುಂಬ ಗಾಳಿಯ ಸಂದುಗಳು. ಬಾಣಲೆಗೆ ಹಾಕಿದ ಕೂಡಲೇ ಎಣ್ಣೆ ನುಗ್ಗುವುದು ಆ ಸಂದುಗಳಿಗೆ. ಹೋಳು ಬೆಂದು ಕುಸಿದ ಮೇಲೆ ಅದರಲ್ಲಿ ಒಂದಷ್ಟು ಹೊರಗೆ ಬರುತ್ತದೆ, ಎಣ್ಣೆಗಾಯಿ ‘ಎಣ್ಣೆ ಬಿಟ್ಟಿತು’ ಎನ್ನುವುದು ಆಗಲೇ. 100 ಗ್ರಾಂ ಹಸಿ ಬದನೆಯಲ್ಲಿ ಇರುವುದು ಸುಮಾರು 25 ಕ್ಯಾಲೊರಿ, ಒಂದು ಊಟದ ಚಮಚ ಎಣ್ಣೆಯಲ್ಲಿ ಸುಮಾರು 120. ಹಾಗಾಗಿ ಬರೀ ಎಣ್ಣೆ ಕಡಿಮೆ ಹಾಕಿದರೆ ಕೆಲಸ ಮುಗಿಯಲಿಲ್ಲ. ಹೋಳು ಹಾಕಿದಷ್ಟನ್ನೂ ಕುಡಿದು ಹೊರಗೆ ಒಣಗಿ, ಒಳಗೆ ರಬ್ಬರಿನಂತೆ ಉಳಿಯುತ್ತದೆ. ಮೊದಲು ನೀರು ಹೋಗಬೇಕು, ಸಂದು ಮುಚ್ಚಬೇಕು, ಎಣ್ಣೆಯ ಸರದಿ ಆಮೇಲೆ.

ಅದಕ್ಕೆ ದಾರಿ ಎರಡು. ಉಪ್ಪಿನದು: ಅರ್ಧ ಕಿಲೋ ಬಿಲ್ಲೆಗಳಿಗೆ ಒಂದು ಟೀ ಚಮಚ ಪುಡಿಯುಪ್ಪು ಸವರಿ, ತೂತಿನ ಪಾತ್ರೆಯಲ್ಲಿ 30 ನಿಮಿಷ ಇಡುವುದು. ಕೆಳಗೆ ಕಂದು ನೀರು ಇಳಿದಿರುತ್ತದೆ. ಒಮ್ಮೆ ತೊಳೆದು, ಹತ್ತಿ ಬಟ್ಟೆಯ ಎರಡು ಮಡಿಕೆಯ ನಡುವೆ ಇಟ್ಟು ಅಂಗೈಯಿಂದ ಒತ್ತಬೇಕು. ಒತ್ತುವ ಈ ಕೆಲಸ ಬಿಟ್ಟರೆ ಉಪ್ಪು ಹಾಕಿದ್ದು ದಂಡ, ಸಂದುಗಳು ಮುಚ್ಚುವುದೇ ಇದರಿಂದ. ಎಷ್ಟು ತೊಳೆದರೂ ಉಪ್ಪು ಸ್ವಲ್ಪ ಉಳಿಯುತ್ತದೆ, ಮಸಾಲೆಯಲ್ಲಿ ಅಷ್ಟು ಕಡಿಮೆ ಮಾಡಿ. ರಕ್ತದೊತ್ತಡ ಇರುವವರ ಮನೆಗೆ ಮೈಕ್ರೋವೇವ್ ದಾರಿಯೇ ವಾಸಿ. ತಟ್ಟೆಗೆ ಬಟ್ಟೆ ಹಾಸಿ, ಬಿಲ್ಲೆಗಳನ್ನು ಒಂದೇ ಪದರವಾಗಿ ಇಟ್ಟು, ಪೂರ್ತಿ ಶಕ್ತಿಯಲ್ಲಿ 3 ನಿಮಿಷ, ತಿರುವಿ ಇನ್ನೆರಡು ನಿಮಿಷ. ಬಿಲ್ಲೆ ಬಾಗಬೇಕು, ಮುರಿಯಬಾರದು.

ಹೆಚ್ಚಿದ ಗುಳ್ಳವನ್ನು ನೀರಿಗೆ ಹಾಕುವುದು ನಮ್ಮಲ್ಲಿ ಕೈಗೆ ಅಂಟಿದ ಅಭ್ಯಾಸ. ಹುಳಿಗೆ, ಕೊದ್ದೆಲಿಗೆ (ತೆಂಗಿನಕಾಯಿ ಅರೆದು ಹಾಕಿದ ಸಾಂಬಾರು) ಅದು ಸರಿ. ಓವನ್‌ಗೆ ಹೋಗುವ ಹೋಳನ್ನು ನೀರಿಗೆ ಹಾಕಬೇಡಿ. ಹೆಚ್ಚಿದ ಕೂಡಲೇ ಉಪ್ಪು ಸವರಿದರೆ ಆಯಿತು. ಸ್ವಲ್ಪ ಕಪ್ಪಾದರೂ ಬೆಂದ ಮೇಲೆ ಗೊತ್ತಾಗುವುದಿಲ್ಲ.

ಕಾಯಿ ಆರಿಸುವುದು

ಕಟಪಾಡಿ ಪಕ್ಕದ ಮಟ್ಟುವಿನ ಗುಳ್ಳಕ್ಕೆ 2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ. ತಿಳಿಹಸಿರು ಮೈ, ಬಿಳಿ ಗೆರೆ, ತೊಟ್ಟಿನಲ್ಲಿ ಮುಳ್ಳು. ಸಿಪ್ಪೆ ತೆಳು, ತಿರುಳು ಬೆಂದರೆ ಬೆಣ್ಣೆ. ಓವನ್‌ನಲ್ಲಿ ಈ ಗುಣಕ್ಕೆ ಎರಡು ಮುಖ. ಬಜ್ಜಿಗೆ ಇದರಷ್ಟು ಒಳ್ಳೆಯ ಕಾಯಿ ಇಲ್ಲ. ಪೋಡಿಗೆ ಮಾತ್ರ ಬಿಲ್ಲೆ 8 ಮಿಲಿಮೀಟರಿಗಿಂತ ತೆಳುವಾದರೆ ತಿರುವುವಾಗ ಹರಿದುಹೋಗುತ್ತದೆ. ಗುಳ್ಳದಂತೆಯೇ ಕಾಣುವ ಬೇರೆ ಹಸಿರು ಬದನೆಯ ಸಿಪ್ಪೆ ದಪ್ಪ, ಅದಕ್ಕೆ ಇಲ್ಲಿ ಹೇಳಿದ ಸಮಯಕ್ಕಿಂತ ಐದಾರು ನಿಮಿಷ ಜಾಸ್ತಿ ಬೇಕು. ಹಳದಿ ತಿರುಗಿದ ಕಾಯಿ ಬೇಡ, ಬೀಜ ಬಲಿತು ಕಹಿಯಾಗಿರುತ್ತದೆ. ಹೆಬ್ಬೆರಳಿನಿಂದ ಒತ್ತಿದ ಗುಳಿ ಮತ್ತೆ ಮೇಲೆ ಬಂದರೆ ಎಳೆಯದು.

ಹುಳದ ವಿಷಯದಲ್ಲಿ ಎಚ್ಚರ ಬೇಕು. ಕಾಯಿಕೊರಕ ಒಳಹೊಕ್ಕ ತೂತು ಬಹುಮಟ್ಟಿಗೆ ಮುಚ್ಚಿಹೋಗಿರುತ್ತದೆ, ಕಣ್ಣಿಗೆ ಬೀಳುವುದು ಅದು ಹೊರಬಂದ ಕಪ್ಪು ತೂತು. ಅಂದರೆ ತೂತಿಲ್ಲದ ಕಾಯಿಯೊಳಗೇ ಹುಳ ಇನ್ನೂ ಇದ್ದೀತು. ಸಂಶಯ ಬಂದ ಕಾಯಿಯನ್ನು ಇಡಿಯಾಗಿ ಸುಡದೆ ಎರಡು ಹೋಳು ಮಾಡಿ ಬೇಯಿಸಿ.

ರವೆ ಪೋಡಿ

ಎಲ್ಲಕ್ಕಿಂತ ಹೆಚ್ಚು ತಿದ್ದುಪಡಿ ಕಂಡದ್ದು ಇದೇ. ಈಗ ನಿಂತಿರುವ ಅಳತೆ, ಅರ್ಧ ಕಿಲೋ ಗುಳ್ಳಕ್ಕೆ: ಬ್ಯಾಡಗಿ ಮೆಣಸಿನ ಪುಡಿ 2 ಟೀ ಚಮಚ, ಅರಿಶಿನ ಕಾಲು, ಇಂಗು ಕಾಲು, ಉಪ್ಪು ಕಾಲು, ಗಟ್ಟಿ ಹುಣಸೆ ರಸ 1, ಅಕ್ಕಿ ಹಿಟ್ಟು 2. ಇಷ್ಟನ್ನು ಎರಡು ಊಟದ ಚಮಚ ನೀರಿನಲ್ಲಿ ಕಲಸಿ, ಒಣಗಿಸಿದ ಬಿಲ್ಲೆಗಳಿಗೆ ಎರಡೂ ಕಡೆ ಸವರಿ 10 ನಿಮಿಷ ಇಡಿ. ಹೊರಗಿನ ಪದರಕ್ಕೆ ಚಿರೋಟಿ ರವೆ 4 ಊಟದ ಚಮಚ, ಅಕ್ಕಿ ಹಿಟ್ಟು 1.

ಗುಟ್ಟು ಇರುವುದು ಇನ್ನು ಮುಂದೆ. ಎಣ್ಣೆಯನ್ನು ಬಿಲ್ಲೆಗೆ ಹಚ್ಚಬೇಡಿ, ರವೆಗೆ ಹಚ್ಚಿ. ಎರಡು ಟೀ ಚಮಚ ಎಣ್ಣೆಯನ್ನು ಆ ಒಣ ರವೆಗೆ ಹಾಕಿ ಬೆರಳ ತುದಿಯಲ್ಲಿ ಉಜ್ಜುತ್ತಾ ಹೋದರೆ ರವೆ ಒದ್ದೆ ಮರಳಿನ ಬಣ್ಣಕ್ಕೆ ತಿರುಗುತ್ತದೆ, ಹಿಡಿದರೆ ಕ್ಷಣಕಾಲ ಮುದ್ದೆ ನಿಂತು ಉದುರುತ್ತದೆ. ಆಗ ಪ್ರತಿ ಕಾಳಿಗೂ ಎಣ್ಣೆ ತಾಗಿದೆ ಎಂದು ಅರ್ಥ. ಮೇಲಿನಿಂದ ಬ್ರಷ್‌ನಲ್ಲಿ ಹಚ್ಚಿದರೆ ಅಲ್ಲಲ್ಲಿ ಬಿಳಿ ಹಿಟ್ಟು ಉಳಿಯುತ್ತದೆ, ಅದು ಎಷ್ಟು ಹೊತ್ತು ಇಟ್ಟರೂ ಕೆಂಪಾಗುವುದಿಲ್ಲ. ಟ್ರೇಗೆ ಇನ್ನೊಂದು ಟೀ ಚಮಚ. ಒಟ್ಟು ಮೂರು, ಎಂದರೆ ಹೆಚ್ಚೆಂದರೆ 15 ಗ್ರಾಂ ಎಣ್ಣೆ ಇಡೀ ಟ್ರೇಗೆ.

ಓವನ್‌ನ್ನು 210 ಡಿಗ್ರಿಗೆ ಕಾಯಿಸುವಾಗ ಖಾಲಿ ಟ್ರೇಯೂ ಒಳಗಿರಲಿ. ಕಾದ ಟ್ರೇಯ ಮೇಲೆ ಬಿಲ್ಲೆ ಇಟ್ಟಾಗ ಸಣ್ಣಗೆ ಚುಯ್ ಎನ್ನಬೇಕು. ನಡುವೆ ಒಂದು ಬೆರಳಿನ ಅಂತರ ಬಿಡಿ, ಒತ್ತೊತ್ತಾಗಿ ಇಟ್ಟರೆ ಒಂದರ ಹಬೆಯಲ್ಲಿ ಇನ್ನೊಂದು ಬೇಯುತ್ತದೆ. 14 ನಿಮಿಷ, ತಿರುವಿ 8ರಿಂದ 10 ನಿಮಿಷ. ಮೊದಲ ಹತ್ತು ನಿಮಿಷ ಮುಟ್ಟಲೇಬೇಡಿ, ಕೆಳಪದರ ಗಟ್ಟಿಯಾಗುವ ಮೊದಲು ಎತ್ತಿದರೆ ರವೆ ಟ್ರೇಯಲ್ಲೇ ಉಳಿಯುತ್ತದೆ. ಹೊರತೆಗೆದದ್ದನ್ನು ತಟ್ಟೆಗೆ ಹಾಕದೆ ತಂತಿ ಜಾಲರಿಯ ಮೇಲೆ ಹರವಿ.

ದಪ್ಪ ಬಾಂಬೆ ರವೆ ಇಲ್ಲಿ ಆಗದು. ಕರಿಯುವಾಗ ಅದು ಎಣ್ಣೆಯಲ್ಲಿ ಅರಳುತ್ತದೆ, ಓವನ್‌ನಲ್ಲಿ ಹಲ್ಲಿಗೆ ಮರಳು ಸಿಕ್ಕಿದಂತೆ ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಗಾಳಿಯಲ್ಲಿ ರವೆ ಡಬ್ಬಿಯೊಳಗೇ ತೇವ ಹಿಡಿದಿರುತ್ತದೆ, ಆಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬೆಚ್ಚಗೆ ಮಾಡಿ ಆರಿಸಿ ಬಳಸಿ. ಹಾಗೆ ಮಾಡಿದರೂ ಮಳೆಗಾಲದಲ್ಲಿ ಗರಿಗರಿ ಹೆಚ್ಚು ಹೊತ್ತು ಉಳಿಯದು. ಗಂಜಿ ಬಡಿಸಿದ ಮೇಲೆಯೇ ಟ್ರೇ ಹೊರಗೆ ಬರಲಿ.

ಇಡೀ ಗುಳ್ಳದ ಬಜ್ಜಿ

ಪೋಡಿ ತೆಗೆದ ಬಿಸಿಗೇ ಇದನ್ನು ಇಟ್ಟರೆ ಕರೆಂಟು ಉಳಿಯುತ್ತದೆ. 300 ಗ್ರಾಮಿನ ಕಾಯಿಯ ಮುಳ್ಳನ್ನು ಕತ್ತರಿಯಿಂದ ತೆಗೆಯಿರಿ. ತೊಟ್ಟು ಇರಲಿ, ಎತ್ತಲು ಹಿಡಿಕೆ. ಫೋರ್ಕ್‌ನಿಂದ ಏಳೆಂಟು ಕಡೆ ಚುಚ್ಚಿ, ಇಲ್ಲವಾದರೆ ಒಳಗಿನ ಹಬೆಗೆ ಕಾಯಿ ಸಿಡಿದು ಓವನ್ ತೊಳೆಯುವುದೇ ಒಂದು ಕೆಲಸವಾಗುತ್ತದೆ. 230 ಡಿಗ್ರಿಯಲ್ಲಿ 40ರಿಂದ 50 ನಿಮಿಷ, ಅರ್ಧದಲ್ಲಿ ಒಮ್ಮೆ ಹೊರಳಿಸಿ. ಹೊಟ್ಟೆ ಕುಸಿದದ್ದು ನೋಡಿ ತೆಗೆಯಬೇಡಿ. ಕೊನೆಗೆ ಬೇಯುವುದು ತೊಟ್ಟಿನ ಬುಡ, ಚಾಕು ಅಲ್ಲಿ ತಡೆಯಿಲ್ಲದೆ ಇಳಿಯಬೇಕು. ಆಮೇಲೆ ಮುಚ್ಚಿದ ಪಾತ್ರೆಯಲ್ಲಿ 10 ನಿಮಿಷ ಇಟ್ಟರೆ ಸಿಪ್ಪೆ ತಾನಾಗಿ ಬರುತ್ತದೆ. ತಿರುಳನ್ನು ಜರಡಿಯಲ್ಲಿ ಇನ್ನೊಂದು 10 ನಿಮಿಷ ಬಸಿದರೆ ಬಜ್ಜಿ ನೀರಾಗದು.

ಓವನ್ ಕೊಡದೇ ಇರುವುದು ಸುಟ್ಟ ವಾಸನೆ. ತೆಂಗಿನ ಗೆರಟೆಯ ಒಂದು ಕೆಂಡವನ್ನು ಸಣ್ಣ ಸ್ಟೀಲ್ ಬಟ್ಟಲಲ್ಲಿ ತಿರುಳಿನ ಪಾತ್ರೆಯೊಳಗೆ ಇಟ್ಟು, ಮೇಲೆ ನಾಲ್ಕು ಹನಿ ತುಪ್ಪ ಬಿಟ್ಟು ಮುಚ್ಚಿ. ಮೂರು ನಿಮಿಷ ಸಾಕು, ಹೆಚ್ಚಾದರೆ ಗಂಟಲಿಗೆ ಕಹಿ. ಕಿಟಕಿ ತೆರೆದಿರಲಿ. ಗೆರಟೆ ಇಲ್ಲದವರು ಓವನ್‌ಗೆ ಇಡುವ ಮೊದಲು ಕಾಯನ್ನು ಗ್ಯಾಸ್ ಉರಿಯ ಮೇಲೆ ಎರಡು ನಿಮಿಷ ತಿರುಗಿಸಿ ಸಿಪ್ಪೆ ಕಪ್ಪಾಗಿಸಿದರೂ ನಡೆಯುತ್ತದೆ.

ಮೂರು ಹಸಿಮೆಣಸನ್ನು ಉಪ್ಪಿನ ಜತೆ ನುರಿದು, ಗೋಲಿ ಗಾತ್ರದ ಹುಣಸೆಯ ರಸ, ಚೂರು ಬೆಲ್ಲ, ಸಣ್ಣಗೆ ಹೆಚ್ಚಿದ ನೀರುಳ್ಳಿ ಸೇರಿಸಿ ತಿರುಳಿಗೆ ಕಲಸಿ. ಒಂದು ಟೀ ಚಮಚ ತೆಂಗಿನೆಣ್ಣೆ, ಹಸಿಯಾಗಿ, ಕೊನೆಗೆ. ತೆಂಗಿನೆಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಬಹಳ. ಜತೆಗೆ ಗಾಣದ ಎಣ್ಣೆ 180 ಡಿಗ್ರಿಯ ಆಸುಪಾಸಿನಲ್ಲೇ ಹೊಗೆಯಾಡುತ್ತದೆ. ಅದಕ್ಕೇ ಟ್ರೇಗೆ ಸೂರ್ಯಕಾಂತಿ ಅಥವಾ ತವುಡೆಣ್ಣೆ, ಪರಿಮಳಕ್ಕೆ ಮಾತ್ರ ತೆಂಗಿನದು. ಬಜ್ಜಿಗೆ ಬೇಕಾದ್ದು ಪರಿಮಳವೇ ತಾನೆ, ಒಂದು ಚಮಚದಲ್ಲಿ ಅದು ಪೂರ್ತಿ ಸಿಗುತ್ತದೆ.

ಎಣ್ಣೆಗಾಯಿ

ಸಣ್ಣ ನೇರಳೆ ಬದನೆ 400 ಗ್ರಾಂ, ತೊಟ್ಟು ಉಳಿಸಿ ನಾಲ್ಕು ಸೀಳು. ಹೂರಣ ತುಂಬಿ ನೇರ ಓವನ್‌ಗೆ ಇಟ್ಟರೆ ಹೂರಣ ಕರಟುತ್ತದೆ, ಬದನೆ ಹಸಿಯಾಗಿಯೇ ಇರುತ್ತದೆ. ಇದಕ್ಕೆ ಕಾರಣ ಬಿಸಿಯೊಂದೇ ಅಲ್ಲ, ಹುಣಸೆಯೂ ಹೌದು. ಹುಳಿ ತಾಗಿದ ತರಕಾರಿ ಮೆತ್ತಗಾಗಲು ತಡ ಮಾಡುತ್ತದೆ. ಆದ್ದರಿಂದ ಖಾಲಿ ಬದನೆಗೆ ಎರಡು ಟೀ ಚಮಚ ಎಣ್ಣೆ ಸವರಿ 200 ಡಿಗ್ರಿಯಲ್ಲಿ 15 ನಿಮಿಷ, ಹೂರಣ ಆಮೇಲೆ.

ಹೂರಣಕ್ಕೆ ಹುರಿದ ನೆಲಗಡಲೆ 3 ಊಟದ ಚಮಚ, ಎಳ್ಳು 1, ಕೊತ್ತಂಬರಿ 1, ಜೀರಿಗೆ ಅರ್ಧ ಟೀ ಚಮಚ, ಬ್ಯಾಡಗಿ ಮೆಣಸು 5, ಕಾಯಿತುರಿ ಕಾಲು ಕಪ್, ಹುಣಸೆ, ಬೆಲ್ಲ, ಉಪ್ಪು. ನೆಲಗಡಲೆ, ಎಳ್ಳು, ತೆಂಗು ಮೂರರಲ್ಲೂ ಎಣ್ಣೆಯಿದೆ ಎನ್ನುವುದನ್ನು ಮರೆಯಬಾರದು. ಕಾಯಿತುರಿ ಇನ್ನೂ ಹೆಚ್ಚಿಸಿದರೆ ಉಳಿಸಿದ್ದೆಲ್ಲ ಮರಳಿ ಬಂತು. ತುಂಬಿದ ಬದನೆಯನ್ನು ಗಾಜಿನ ಪಾತ್ರೆಯಲ್ಲಿ ಜೋಡಿಸಿ, ಉಳಿದ ಮಸಾಲೆಯನ್ನು ಮುಕ್ಕಾಲು ಕಪ್ ಬಿಸಿನೀರಿನಲ್ಲಿ ಕದಡಿ ಸುತ್ತ ಹೊಯ್ದು, ಮುಚ್ಚಿ 190ರಲ್ಲಿ 25 ನಿಮಿಷ, ತೆರೆದು 10 ನಿಮಿಷ. ಮುಚ್ಚಲು ಅಲ್ಯೂಮಿನಿಯಂ ಫಾಯಿಲ್ ಆದರೆ ಹುಳಿ ಮಸಾಲೆಗೆ ತಾಗದಂತೆ ಎತ್ತರಿಸಿ ಕಟ್ಟಿ. ಕೊನೆಗೆ ಸಾಸಿವೆ, ಕರಿಬೇವಿನ ಒಗ್ಗರಣೆಗೆ ಎರಡು ಟೀ ಚಮಚ ಎಣ್ಣೆ.

ಕೈಯಲ್ಲಿರುವುದು

ದಕ್ಷಿಣ ಇಟಲಿಯ ಪಾರ್ಮಿಜಾನಾ, ಎಂದರೆ ಬದನೆ, ಟೊಮೆಟೊ, ಚೀಸ್ ಪದರದ ಅಡುಗೆ. ಅಲ್ಲಿ ಬಿಲ್ಲೆ ಕರಿದೇ ಜೋಡಿಸುವುದು ರೂಢಿ. ರವೆಯಿಲ್ಲದೆ 210ರಲ್ಲಿ 20 ನಿಮಿಷ ಬೇಯಿಸಿದ ಗುಳ್ಳದ ಬಿಲ್ಲೆಯಲ್ಲಿ ರುಚಿ ಸರಿಯಾಗಿ ಬರುತ್ತಿದೆ, ಪದರ ಮಾತ್ರ ಜಾರುತ್ತಿದೆ. ಟೊಮೆಟೊ ಸಾರನ್ನು ಚಮಚದಲ್ಲಿ ಎಳೆದರೆ ದಾರಿ ಮುಚ್ಚಿಕೊಳ್ಳದಷ್ಟು ಬತ್ತಿಸಿದಾಗ ನಿಲ್ಲುವ ಲಕ್ಷಣ ಕಾಣುತ್ತಿದೆ. ಬೆಂದ ಮೇಲೆ 20 ನಿಮಿಷ ಆರಲು ಬಿಡದೆ ಕತ್ತರಿಸಿದರೆ ಆಗಲೂ ಹರಿಯುತ್ತದೆ. ಮುಂದಿನ ಸರದಿಯಲ್ಲಿ ಉದ್ದ ನೇರಳೆ ಬದನೆಯನ್ನು ಉದ್ದಕ್ಕೆ ಸೀಳಿ, ಒಂದು ಪದರ ಅಡ್ಡ, ಒಂದು ಪದರ ಉದ್ದ ಹಾಕಿ ನೋಡುವುದಿದೆ.