ಪದ ಹೇಳುವುದು

ನಮ್ಮ ಕಡೆ ಯಕ್ಷಗಾನದ ಭಾಗವತರು ಪದ ಹೇಳುತ್ತಾರೆ. ಜಾಗಟೆ ಹಿಡಿದು, ಏರುಶ್ರುತಿಯಲ್ಲಿ, ಚೆಂಡೆ ಮದ್ದಳೆಗಳ ನಡುವೆ ರಾಗ ತಾಳಗಳೆರಡನ್ನೂ ನಿಭಾಯಿಸುತ್ತ ಅವರು ಮಾಡುವ ಕೆಲಸಕ್ಕೆ ‘ಹಾಡುವುದು’ ಎಂಬ ಮಾತು ಮಂಗಳೂರಿನ ಹಳೆಯ ಪ್ರೇಕ್ಷಕರ ಬಾಯಲ್ಲಿ ಸುಲಭವಾಗಿ ಬರುವುದಿಲ್ಲ. ವೇಷ ಕುಣಿತಗಳಿಲ್ಲದ ತಾಳಮದ್ದಳೆಯಲ್ಲಿ ಅವರ ಎದುರು ಕುಳಿತು, ಪದ್ಯವನ್ನು ಪಾತ್ರದ ಮಾತಾಗಿ ಬೆಳೆಸುವ ಅರ್ಥಧಾರಿಯೂ ಅರ್ಥ ಹೇಳುವವನೇ. ಹೀಗೆ ಗಾನಕ್ಕೂ ಮಾತಿಗೂ ಒಂದೇ ಕ್ರಿಯಾಪದ. ಇಪ್ಪತ್ತು ವರ್ಷ ಹವ್ಯಾಸಿ ಅರ್ಥಧಾರಿಯಾಗಿದ್ದು, ಎರಡು ವರ್ಷಗಳಿಂದ ಭಾಗವತಿಕೆಯ ಪಾಠಕ್ಕೆ ಹೋಗುತ್ತಿರುವ ನನಗೆ ಆ ಕ್ರಿಯಾಪದದ ತೂಕ ಮನವರಿಕೆಯಾದದ್ದು ಈ ಮಳೆಗಾಲದಲ್ಲಿ, ಕದ್ರಿಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಮತ್ತೆ ಮತ್ತೆ ಕೇಳಿದ ಒಂದು ಅಮೆರಿಕನ್ ಆಲ್ಬಮ್‌ನಿಂದ.

ಅದು ಅಮೆರಿಕದ ರ‍್ಯಾಪ್ ಕಲಾವಿದೆ ಕ್ವೀನ್ ಲತೀಫಾ 2004ರ ಸೆಪ್ಟೆಂಬರಿನಲ್ಲಿ ಹೊರತಂದ ‘ದ ಡೇನಾ ಓವೆನ್ಸ್ ಆಲ್ಬಮ್’. ನ್ಯೂಜೆರ್ಸಿಯ ನ್ಯೂವರ್ಕ್‌ನಲ್ಲಿ 1970ರಲ್ಲಿ ಹುಟ್ಟಿದ ಆಕೆಯ ತಂದೆ ತಾಯಿ ಇಟ್ಟ ಹೆಸರು ಡೇನಾ ಓವೆನ್ಸ್. 1989ರಲ್ಲಿ, ಇನ್ನೂ ಹತ್ತೊಂಬತ್ತರ ವಯಸ್ಸಿನಲ್ಲಿ, ಮೊದಲ ರ‍್ಯಾಪ್ ಆಲ್ಬಮ್ ಬಂದಾಗಲೇ ಆಕೆ ‘ರಾಣಿ’ಯಾಗಿದ್ದಳು. ಹೆಣ್ಣನ್ನು ಹೀನಾಯವಾಗಿ ಕರೆಯುವವರಿಗೆ ನೇರವಾಗಿ ಉತ್ತರ ಕೊಟ್ಟ 1993ರ ಆಕೆಯ ರಚನೆಗೆ 1995ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಮುಂದೆ ‘ಷಿಕಾಗೊ’ ಚಿತ್ರದ ಜೈಲು ಮೇಲ್ವಿಚಾರಕಿಯ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ಇಷ್ಟೆಲ್ಲ ಆದ ಮೇಲೆ ಬಿರುದನ್ನು ಬದಿಗಿಟ್ಟು, ಹುಟ್ಟುಹೆಸರನ್ನೇ ಶೀರ್ಷಿಕೆ ಮಾಡಿಕೊಂಡು, ಜಾಜ್ ಮತ್ತು ಸೋಲ್ ಪರಂಪರೆಯ ಹಳೆಯ ಹಾಡುಗಳನ್ನೇ ಹೆಚ್ಚಾಗಿ ಹಾಡಿದ ಆಲ್ಬಮ್ ಇದು. ರಾತ್ರಿಯಿಡೀ ಕಿರೀಟ ಹೊತ್ತು ಕುಣಿಯುವ ವೇಷಧಾರಿ ಬಿಳಿ ಪಂಚೆ, ಶಾಲು ಹೊದ್ದು ತಾಳಮದ್ದಳೆಗೆ ಬಂದು ಕೂತಂತೆ ನನಗೆ ಕಂಡಿತು. ಅಲ್ಲಿ ಬಣ್ಣವಿಲ್ಲ, ಕುಣಿತವಿಲ್ಲ, ಇರುವುದು ಬಾಯಿ ಒಂದೇ.

ಇಂಥ ಹಳೆಯ ಹಾಡುಗಳನ್ನು ಅಲ್ಲಿಯವರು ‘ಸ್ಟ್ಯಾಂಡರ್ಡ್’ ಎನ್ನುತ್ತಾರೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳ ಪದ್ಯಗಳನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾದ ಅಗತ್ಯ ಹೆಚ್ಚಿಲ್ಲ. ಪದ್ಯ ಎಲ್ಲರಿಗೂ ಬರುತ್ತದೆ. ಬಲಿಪ ನಾರಾಯಣ ಭಾಗವತರು ಅದನ್ನು ಹೇಗೆ ಎತ್ತಿಕೊಳ್ಳುತ್ತಿದ್ದರು, ಯಾವ ಅಕ್ಷರದ ಮೇಲೆ ನಿಲ್ಲುತ್ತಿದ್ದರು ಎಂಬುದನ್ನು ಕೇಳುವುದಕ್ಕಾಗಿಯೇ ಜನ ನಿದ್ದೆಗೆಟ್ಟು ಕೂರುತ್ತಿದ್ದರು. ಡೈನಾ ವಾಷಿಂಗ್ಟನ್ 1949ರಲ್ಲಿ ಹಾಡಿ ಗೆದ್ದ ಹಾಡನ್ನು, ನೀನಾ ಸಿಮೋನ್ ತನ್ನದೇ ಮಾಡಿಕೊಂಡಿದ್ದ ಹಾಡನ್ನು ಮತ್ತೊಮ್ಮೆ ಎತ್ತಿಕೊಳ್ಳುವವಳಿಗೆ ಆ ಹಿರಿಯರ ಧ್ವನಿ ಕೇಳುಗರ ಕಿವಿಯಲ್ಲಿ ಇದೆ ಎಂಬುದು ಗೊತ್ತಿರಲೇಬೇಕು. ನಿರ್ಮಾಪಕರಾಗಿ ರಾನ್ ಫೇರ್ ಜೊತೆಗೆ ಆರಿಫ್ ಮಾರ್ಡಿನ್ ಇದ್ದದ್ದು ಈ ಕೆಲಸಕ್ಕೆ ಒಳ್ಳೆಯದಾಯಿತು. ಇಸ್ತಾಂಬುಲ್‌ನಲ್ಲಿ ಹುಟ್ಟಿ, ಅಮೆರಿಕದಲ್ಲಿ ಅರೀಥಾ ಫ್ರಾಂಕ್ಲಿನ್‌ ಅವರಿಂದ ನೋರಾ ಜೋನ್ಸ್‌ವರೆಗಿನ ಗಾಯಕಿಯರ ಆಲ್ಬಮ್‌ಗಳಲ್ಲಿ ದುಡಿದ ಮಾರ್ಡಿನ್ ಅವರಿಗೆ ವಾದ್ಯಗಳು ಎಲ್ಲಿ ಸುಮ್ಮನಿರಬೇಕು ಎಂಬುದು ಚೆನ್ನಾಗಿ ತಿಳಿದಿತ್ತು.

ಆದರೆ ನನ್ನನ್ನು ಹಿಡಿದು ಕೂರಿಸಿದ ಹಾಡು ‘ಮೂಡೀಸ್ ಮೂಡ್ ಫಾರ್ ಲವ್’. ಇದರ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 1949ರಲ್ಲಿ ಜೇಮ್ಸ್ ಮೂಡಿ ಎಂಬ ಸ್ಯಾಕ್ಸೊಫೋನ್ ವಾದಕ ಸ್ವೀಡನ್ನಿನಲ್ಲಿ, ತನ್ನದಲ್ಲದ, ಎರವಲು ತಂದ ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಹಳೆಯ ಪ್ರೇಮಗೀತೆಯೊಂದನ್ನು ನುಡಿಸಿದ. ಮೂಲ ಧಾಟಿಯನ್ನು ಬಿಟ್ಟು ಆ ಕ್ಷಣಕ್ಕೆ ಹೊಳೆದ ದಾರಿಯಲ್ಲಿ ಅವನು ಮಾಡಿದ ವಿಸ್ತಾರ ಧ್ವನಿಮುದ್ರಣದಲ್ಲಿ ಉಳಿಯಿತು. ಎಡ್ಡಿ ಜೆಫರ್ಸನ್ ಅದರ ಒಂದೊಂದು ಸ್ವರಕ್ಕೂ ಒಂದೊಂದು ಅಕ್ಷರ ಹೊಂದಿಸಿ ಸಾಹಿತ್ಯ ಬರೆದ. ಕಿಂಗ್ ಪ್ಲೆಷರ್ 1952ರಲ್ಲಿ ಅದನ್ನು ಹಾಡಿ ಜನಪ್ರಿಯಗೊಳಿಸಿದ. ಊದುವ ವಾದ್ಯದ ಮನೋಧರ್ಮವೇ ಹೀಗೆ ಪದವಾಯಿತು. ಮಂಗಳೂರಿನವರಿಗೆ ಇಲ್ಲಿ ಕದ್ರಿ ಗೋಪಾಲನಾಥರ ನೆನಪು ಬಾರದೆ ಇರುವುದಿಲ್ಲ. ಅದೇ 1949ರಲ್ಲಿ ಬಂಟ್ವಾಳ ತಾಲೂಕಿನ ಸಜಿಪದಲ್ಲಿ ಹುಟ್ಟಿ, ಮೈಸೂರಿನ ಅರಮನೆ ಬ್ಯಾಂಡಿನಲ್ಲಿ ಕೇಳಿದ ವಾದ್ಯಕ್ಕೆ ಮನಸೋತ ಅವರು, ಬಾಯಲ್ಲಿ ಹಾಡುವುದಕ್ಕೆಂದೇ ಹುಟ್ಟಿದ ಕೀರ್ತನೆಗಳನ್ನು, ಅವುಗಳ ಗಮಕ ಕೆಡದಂತೆ, ಆಲ್ಟೊ ಸ್ಯಾಕ್ಸೊಫೋನಿಗೆ ಒಗ್ಗಿಸಿದರು. ಜೆಫರ್ಸನ್ ನಡೆದದ್ದು ಅದೇ ದಾರಿಯ ಎದುರು ದಿಕ್ಕಿನಲ್ಲಿ. ಲತೀಫಾಳ ಆಲ್ಬಮ್ ಬಂದ 2004ರಲ್ಲಿಯೇ ಗೋಪಾಲನಾಥರಿಗೆ ಪದ್ಮಶ್ರೀ ದೊರಕಿದ್ದು ನನಗೆ ಸುಮ್ಮನೆ ಸಂತೋಷ ಕೊಡುವ ಸಂಗತಿ.

ಈ ಹಾಡಿನಲ್ಲಿ ಉಸಿರಿಗೆ ಜಾಗವೇ ಇಲ್ಲ. ವಾದಕನ ಬೆರಳು ಸಲೀಸಾಗಿ ಓಡಿದ ಕಡೆಯಲ್ಲೆಲ್ಲ ನಾಲಿಗೆ ಓಡಬೇಕು, ಸ್ವರ ಜಾರಿದಲ್ಲಿ ಶಬ್ದವೂ ಜಾರಬೇಕು, ಆದರೂ ಎದುರಿಗಿರುವವನೊಂದಿಗೆ ಮಾತಾಡುತ್ತಿರುವ ಸಹಜತೆ ಕೆಡಬಾರದು. ಕಂಠ ಮಾತ್ರ ಚೆನ್ನಾಗಿರುವ ಎಷ್ಟೋ ಗಾಯಕರು ಇಲ್ಲಿ ಅಕ್ಷರ ನುಂಗುತ್ತಾರೆ. ಲತೀಫಾ ನುಂಗುವುದಿಲ್ಲ. ಒಂದು ಆವರ್ತನದಲ್ಲಿ ಎಷ್ಟು ಅಕ್ಷರ ಕೂರುತ್ತದೆ, ಯಾವ ಅಕ್ಷರವನ್ನು ಪೆಟ್ಟಿಗಿಂತ ಕೂದಲೆಳೆಯಷ್ಟು ಹಿಂದೆ ಇಟ್ಟರೆ ಮಾತಿಗೆ ಜೀವ ಬರುತ್ತದೆ ಎಂಬ ಲೆಕ್ಕವನ್ನು ಹದಿನೈದು ವರ್ಷ ರ‍್ಯಾಪ್ ಹೇಳಿಯೇ ಆಕೆ ಕಲಿತಿದ್ದಳು. ಆದ್ದರಿಂದ, ರ‍್ಯಾಪ್ ಬಿಟ್ಟು ಗಾಯಕಿಯಾದಳು ಎಂಬ ಮಾತನ್ನು ನಾನು ಒಪ್ಪಲಾರೆ. ಗ್ರ್ಯಾಮಿ ಪಡೆದ ಆ ರ‍್ಯಾಪಿನ ಅಡಿಯಲ್ಲಿಯೂ ಕ್ರುಸೇಡರ್ಸ್ ಎಂಬ ಜಾಜ್ ತಂಡದ ಸಂಗೀತವೇ ಇದೆ, ಪಲ್ಲವಿಯನ್ನು ಆಕೆ ರಾಗವಾಗಿಯೇ ಹಾಡಿದ್ದಾಳೆ. ನಮ್ಮ ಶೇಣಿ ಗೋಪಾಲಕೃಷ್ಣ ಭಟ್ಟರು ಅರ್ಥವನ್ನೂ ಹೇಳಿದರು, ಹರಿಕಥೆಯನ್ನೂ ಮಾಡಿದರು. ಅವರು ಯಾವುದನ್ನು ಬಿಟ್ಟು ಯಾವುದಕ್ಕೆ ಹೋದರು ಎಂದು ಯಾರೂ ಕೇಳಲಿಲ್ಲ.

ಎಲ್ಲ ಹಾಡುಗಳೂ ಒಂದೇ ಮಟ್ಟದಲ್ಲಿವೆ ಎಂದು ಹೇಳಲಾರೆ. ‘ಕ್ಯಾಲಿಫೋರ್ನಿಯಾ ಡ್ರೀಮಿಂಗ್’ ನನ್ನ ಕಿವಿಯಲ್ಲಿ ಹಲವು ಕಂಠಗಳು ಕೂಡಿದ ಹಾಡಾಗಿಯೇ ಉಳಿದಿರುವುದರಿಂದ ಇಲ್ಲಿ ಒಪ್ಪಲಿಲ್ಲ. ‘ಸಿಂಪ್ಲಿ ಬ್ಯೂಟಿಫುಲ್’ ಹಾಗಲ್ಲ. 1972ರಲ್ಲಿ ಅದನ್ನು ಹಾಡಿದ ಆಲ್ ಗ್ರೀನ್ ಅವರೇ ಇಲ್ಲಿ ಆಕೆಯ ಜೊತೆಗಿದ್ದಾರೆ. ಹಿರಿಯನ ಹಗುರವಾದ ಧ್ವನಿಯ ಪಕ್ಕದಲ್ಲಿ ಆಕೆ ತನ್ನ ತುಂಬುಕಂಠವನ್ನು ತಗ್ಗಿಸಿ, ಎಲ್ಲಿಯೂ ಮೇಲೆ ಬೀಳದೆ ಹಾಡಿದ್ದಾಳೆ. ಈ ಆಲ್ಬಮ್ ಜಾಜ್ ಗಾಯನದ ಗ್ರ್ಯಾಮಿಗೆ ನಾಮನಿರ್ದೇಶನಗೊಂಡಿತು. 2007ರಲ್ಲಿ ಇದೇ ಜಾಡಿನ ಇನ್ನೊಂದು ಆಲ್ಬಮ್ ಬಂತು.

ಕಳೆದ ವರ್ಷ ಒಂದು ತಾಳಮದ್ದಳೆ ಕೂಟದಲ್ಲಿ ನಾನು ಮೊದಲ ಬಾರಿಗೆ ಜಾಗಟೆ ಹಿಡಿದಾಗ, ಎರಡನೆಯ ಪದ್ಯದಲ್ಲಿಯೇ ಉಸಿರು ಸಾಲದೆ ಸಾಲಿನ ಕೊನೆ ಒಡೆಯಿತು. ಮುಗಿದ ಮೇಲೆ ಆಯೋಜಕರೊಬ್ಬರು, ಅರ್ಥ ಹೇಳುವವರಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ಎಲ್ಲರೆದುರು ಕೇಳಿದ್ದು ಬಹಳ ದಿನ ನೋಯಿಸಿತು. ಪಾಠವನ್ನು ಬಿಡುವ ಯೋಚನೆಯೂ ಬಂದಿತ್ತು. ನನ್ನ ಗುರುಗಳು ಆಗ ಅದಕ್ಕೆ ಏನೂ ಹೇಳದೆ, ಅದೇ ಪದ್ಯವನ್ನು ತೆಗೆದುಕೊಂಡು, ರಾಗ ಬಿಟ್ಟು ತಾಳದಲ್ಲಿ ಬರಿಯ ಮಾತಾಗಿ ಹೇಳಿಸಿದರು. ಮೂರು ವಾರ ಅದೊಂದೇ ಪಾಠ.

ಮೊನ್ನೆ ಭಾನುವಾರ ಅವರು ಮನೆಗೆ ಬಂದಿದ್ದರು. ಮಳೆ ಜೋರಾಗಿದ್ದುದರಿಂದ ಹೊರಡಲಾಗದೆ ಜಗಲಿಯಲ್ಲಿ ಕುಳಿತಿದ್ದಾಗ ಅವರಿಗೆ ಮೂಡಿಯ ಹಾಡನ್ನು ಕೇಳಿಸಿದೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಕಣ್ಣು ಮುಚ್ಚಿ, ಬಲಗೈಯ ನಡುಬೆರಳಿನಿಂದ ಕುರ್ಚಿಯ ಕೈಯ ಮೇಲೆ ಪೆಟ್ಟು ಎಣಿಸುತ್ತ ಪೂರ್ತಿ ಕೇಳಿದರು. ಒಂದು ಕಡೆ ಮಾತ್ರ ಬೆರಳು ಮೇಲೆಯೇ ನಿಂತು, ಆಕೆಯ ಅಕ್ಷರ ಬಿದ್ದ ಮೇಲೆ ಇಳಿಯಿತು.

“ಮಾಸ್ಟ್ರೇ, ಇವರು ಉಸಿರು ತೆಗೆದದ್ದು ಎಲ್ಲಿ?” ಎಂದು ಕೇಳಿದರು.

ನನಗೂ ಸಿಕ್ಕಿರಲಿಲ್ಲ. ಮೊದಲಿನಿಂದ ಮತ್ತೆ ಹಾಕಿದೆ.