ಕಾಂಗ್ ಯಾತ್ಸೆ 2: ಬೆಂಗಳೂರಿಂದ ಹೋಗುವವರು ಮರ್ಖಾ ದಾರಿಯನ್ನೇ ಹಿಡಿಯಿರಿ

ಲಡಾಖ್‌ನ ಕಾಂಗ್ ಯಾತ್ಸೆ 2 ಶಿಖರ ಹತ್ತುವ ಆಸೆ ಇದ್ದರೆ ಮೊದಲು ದಾರಿ ಯಾವುದು ಅಂತ ತೀರ್ಮಾನ ಮಾಡಿ. ಶೂ, ಜಾಕೆಟ್ ಎಲ್ಲ ಆಮೇಲೆ. ನಾನು ಎರಡು ಸಲ ಹೋದೆ, ಎರಡು ಬೇರೆ ದಾರಿಯಲ್ಲಿ. ಮೊದಲ ಸಲ ಶಿಖರದ ಬುಡಕ್ಕೂ ಹೋಗಲಾಗಲಿಲ್ಲ.

ಆಗ ರಜೆ ಕಡಿಮೆ ಇತ್ತು. ಅದಕ್ಕೆ ಶಾಂಗ್ ಸುಮ್ದೋ ಊರಿನ ಕಡೆಯ ಹತ್ತಿರದ ದಾರಿ ಹಿಡಿದೆವು. ಸುಮಾರು 5,200 ಮೀಟರ್ ಎತ್ತರದ ಕೊಂಗ್ಮರು ಲಾ (ಲಾ ಅಂದರೆ ಬೆಟ್ಟ ದಾಟುವ ಕಣಿವೆದಾರಿ) ಹತ್ತಿ ಇಳಿದರೆ ನಿಮಾಲಿಂಗ್ ಹುಲ್ಲುಗಾವಲು, ಅಲ್ಲಿಂದ ಬೇಸ್ ಕ್ಯಾಂಪ್ ದೂರವಿಲ್ಲ. ಆದರೆ ನಮ್ಮ ಬೆಂಗಳೂರು ಇರುವುದು 900 ಮೀಟರ್ ಚಿಲ್ಲರೆಯಲ್ಲಿ, ವಿಮಾನ ಇಳಿಯುವ ಲೇಹ್ 3,500ರಲ್ಲಿ, ಅಲ್ಲಿ ಎರಡೇ ರಾತ್ರಿ ಮಲಗಿ ನಾಲ್ಕನೇ ದಿನ 5,200 ದಾಟಿದರೆ ಮೈ ಒಗ್ಗಿಕೊಳ್ಳುವುದು ಹೇಗೆ? ನಿಮಾಲಿಂಗ್‌ನಲ್ಲಿ ರಾತ್ರಿಯಿಡೀ ತಲೆ ಸಿಡಿಯಿತು, ಕುಡಿದ ಸೂಪು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಬಂದ ದಾರಿಯಲ್ಲೇ ವಾಪಸ್ ಹೋಗಬೇಕೆಂದರೆ ಮತ್ತೆ ಅದೇ ಲಾ ಹತ್ತಬೇಕು. ಬೆಳಗಾಗುತ್ತಲೇ ಗೈಡ್ ನನ್ನನ್ನು ಇನ್ನೊಂದು ಬದಿಗೆ, ಕೆಳಗಿರುವ ಹಂಕರ್ ಊರಿನ ಕಡೆಗೆ ಇಳಿಸಿದರು.

ಮುಂದಿನ ವರ್ಷ ಮರ್ಖಾ ಕಣಿವೆಯಲ್ಲಿ ಹೋದೆ. ಸ್ಕಿಯು, ಮರ್ಖಾ, ಹಂಕರ್, ತಚುಂಗ್ಸೆ, ಹೀಗೆ ದಿನಕ್ಕೆ ಸ್ವಲ್ಪ ಸ್ವಲ್ಪ ಮೇಲೆ. ಊರುಗಳಲ್ಲಿ ಹೋಂಸ್ಟೇ ಇದೆ, ಬಿಸಿ ಊಟ ಸಿಗುತ್ತದೆ. ಹೊಳೆ ದಾಟುವುದು ಬೆಳಗ್ಗೆಯೇ ಮುಗಿಸಿ. ಮಧ್ಯಾಹ್ನದ ಹೊತ್ತಿಗೆ ಮೇಲೆ ಹಿಮ ಕರಗಿ ನೀರು ಜಾಸ್ತಿಯಾಗುತ್ತದೆ. ಬೇಸ್ ಕ್ಯಾಂಪ್ ಸುಮಾರು 5,000 ಮೀಟರ್. ಅಲ್ಲಿ ಒಂದು ದಿನ ಪೂರ್ತಿ ನಿಲ್ಲಿ, ಕ್ರ್ಯಾಂಪನ್ (ಹಿಮದಲ್ಲಿ ಜಾರದಂತೆ ಶೂಗೆ ಕಟ್ಟುವ ಕಬ್ಬಿಣದ ಮುಳ್ಳು) ಕಟ್ಟಿ ನಡೆದು ಅಭ್ಯಾಸ ಮಾಡಿ.

ಶಿಖರ 6,250 ಮೀಟರ್. ರಾತ್ರಿ ಹನ್ನೊಂದೂವರೆಗೆ ಹೊರಟೆವು. ಮೊದಲು ಬರೀ ಕಲ್ಲು, ಆಮೇಲೆ ಉದ್ದಕ್ಕೆ ಹಿಮದ ಏರು, ಮೇಲೆ ಹೋದಂತೆ ಕಡಿದಾಗುತ್ತದೆ. ಒಂದೇ ಹಗ್ಗಕ್ಕೆ ನಾಲ್ಕು ಜನ. ನೀರಿನ ಪೈಪ್ ಇರುವ ಬ್ಯಾಗ್ ನಂಬಬೇಡಿ, ಪೈಪಿನೊಳಗೆ ನೀರು ಗಟ್ಟಿಯಾಗುತ್ತದೆ. ಬಾಟಲಿಗೆ ಉಣ್ಣೆ ಕಾಲುಚೀಲ ಹಾಕಿ ತಲೆಕೆಳಗಾಗಿ ಇಡಿ. ಮಂಜುಗಡ್ಡೆ ಮೇಲಿಂದ ಕಟ್ಟಿಕೊಂಡು ಬರುತ್ತದೆ ಅಲ್ವಾ, ಹೀಗಿಟ್ಟರೆ ಬಾಯಿ ಕಡೆ ನೀರು ನೀರಾಗೇ ಇರುತ್ತದೆ. ಬಿಸಿಲೇರಿ ಹಿಮ ಮೆತ್ತಗಾಗುವ ಮುಂಚೆ ಇಳಿಯಲು ಶುರು ಮಾಡಲೇಬೇಕು. ಶಿಖರ ಕಣ್ಣೆದುರೇ ಇದ್ದರೂ, ಗೈಡ್ ಸಾಕು ಅಂದರೆ ಸಾಕು.

ಬುಕ್ ಮಾಡುವಾಗ ಬರೀ ಕಾಂಗ್ ಯಾತ್ಸೆ ಅಂದರೆ ಸಾಲದು, 2 ಅಂತ ಸ್ಪಷ್ಟವಾಗಿ ಕೇಳಿ. ಪಕ್ಕದ ಕಾಂಗ್ ಯಾತ್ಸೆ 1 ಸುಮಾರು 6,400 ಮೀಟರ್, ಚೂಪು ಏಣಿನ ಮೇಲೆ ಹೋಗಬೇಕು, ಅದು ಪಳಗಿದವರಿಗೆ. ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಇರಲಿ.

ತಯಾರಿಗೆ ಸುಮ್ನೆ ಜಿಮ್ ಒಂದೇ ಸಾಲದು. ನಾನು ಮೂರು ತಿಂಗಳು ಬೆನ್ನಿಗೆ ಹತ್ತು ಕೆಜಿ ಹೊತ್ತು ಅಪಾರ್ಟ್‌ಮೆಂಟ್ ಮೆಟ್ಟಿಲು ಹತ್ತಿ ಇಳಿದೆ, ಭಾನುವಾರ ಸಾವನದುರ್ಗ. ಕಾಲಿಗೆ ಅದು ಸಾಕಾಯಿತು. ಎತ್ತರಕ್ಕೆ ಮಾತ್ರ ಊರಲ್ಲಿ ತಯಾರಿಯೇ ಇಲ್ಲ, ಅಲ್ಲೇ ದಿನ ಕೊಡಬೇಕು. ರಜೆ ಹದಿನಾಲ್ಕು ದಿನವಾದರೂ ಹಾಕಿ.

ವಾಪಸ್ ಬರುವಾಗ ಕೊಂಗ್ಮರು ಲಾ ಮೇಲೆ ಬನ್ನಿ, ಶಾಂಗ್ ಸುಮ್ದೋಗೆ ಗಾಡಿ ಮೊದಲೇ ಹೇಳಿಡಿ. ನನ್ನನ್ನು ಮಲಗಿಸಿದ್ದ ಅದೇ ಲಾ ಈ ಸಲ ಎಲ್ಲೂ ಕೂರದೆ ಹತ್ತಿದೆ. ಮೇಲೆ ನಿಂತು ಬುತ್ತಿ ಬಿಚ್ಚಿ ತಿಂದೆವು, ಒಬ್ಬರಿಗೂ ತಲೆನೋವಿರಲಿಲ್ಲ.