‘ಪ್ರಗತಿಯಲ್ಲಿದೆ’ ಅಂತ ಬರೆಯಬೇಡಿ: ಗ್ರಾಮ ಸಭೆಯ ವರದಿ ತಯಾರಿಸುವ ಬಗೆ

ಗ್ರಾಮ ಸಭೆಯಲ್ಲಿ ಅಧ್ಯಕ್ಷರು ಓದುವ ವರದಿ ಬಹಳಷ್ಟು ಪಂಚಾಯಿತಿಗಳಲ್ಲಿ ಹಿಂದಿನ ದಿನ ಸಂಜೆ ತಯಾರಾಗುತ್ತದೆ. ಕ್ರಿಯಾ ಯೋಜನೆಯ ಪಟ್ಟಿ ತೆಗೆದು ಕಾಮಗಾರಿಯ ಹೆಸರು, ಅಂದಾಜು ಮೊತ್ತ ಬರೆದು, ಕೊನೆಯ ಕಾಲಂನಲ್ಲಿ ‘ಪ್ರಗತಿಯಲ್ಲಿದೆ’ ಅಂತ ತುಂಬಿದರೆ ವರದಿ ಮುಗಿಯಿತು. ಸಭೆಯಲ್ಲಿ ಗಲಾಟೆ ಎಬ್ಬಿಸುವುದು ಈ ಒಂದು ಪದವೇ. ಕಾರ್ಯಾದೇಶ ಕೊಡದ ಕೆಲಸವೂ ಪ್ರಗತಿಯಲ್ಲಿದೆ, ಮುಗಿದು ಬಿಲ್ ಆಗದ ಕೆಲಸವೂ ಪ್ರಗತಿಯಲ್ಲಿದೆ. ತಮ್ಮ ಬೀದಿಯಲ್ಲಿ ಜಲ್ಲಿ ರಾಶಿ ಬಿಟ್ಟು ಬೇರೇನೂ ಕಾಣದ ಜನ ಇದನ್ನು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಪ್ರತಿ ಕಾಮಗಾರಿಗೂ ಹಂತದ ಹೆಸರು ಹೇಳಿ. ಹಂತಗಳು ಎಲ್ಲರಿಗೂ ಗೊತ್ತಿರುವವೇ: ಕ್ರಿಯಾ ಯೋಜನೆಗೆ ಅನುಮೋದನೆ, ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಕಾರ್ಯಾದೇಶ, ಕೆಲಸ, ಅಳತೆ ಪುಸ್ತಕದಲ್ಲಿ ದಾಖಲು, ಬಿಲ್ ಪಾವತಿ. ‘ಶಾಲೆ ತಿರುವಿನಿಂದ ಮಾರಮ್ಮನ ಗುಡಿವರೆಗೆ 120 ಮೀಟರ್ ಕಾಂಕ್ರೀಟ್ ರಸ್ತೆ, 80 ಮೀಟರ್ ಹಾಕಿದೆ, ಉಳಿದ 40 ಮೀಟರ್‌ನಲ್ಲಿ ನೀರಿನ ಪೈಪ್ ಇನ್ನೂ ಹೂಳಿಲ್ಲ, ಅದಕ್ಕೇ ನಿಲ್ಲಿಸಿದ್ದೇವೆ’ ಅಂದರೆ ಯಾರೂ ಕೂಗಾಡುವುದಿಲ್ಲ. ಪೈಪ್ ಯಾವಾಗ ಹೂಳುತ್ತೀರಿ ಅಂತ ಕೇಳುತ್ತಾರೆ. ಅದು ಕೇಳಬೇಕಾದ ಪ್ರಶ್ನೆಯೇ. ರಸ್ತೆ ಮೊದಲು ಹಾಕಿ, ಆಮೇಲೆ ಪೈಪ್‌ಗೆ ಅಗೆದು, ಅಗೆದ ಜಾಗಕ್ಕೆ ಬರೀ ಮಣ್ಣು ಮುಚ್ಚಿ ಹೋದ ಬೀದಿಗಳು ಮನೆಮನೆಗೆ ನಲ್ಲಿ ಹಾಕುವ ಜಲ ಜೀವನ್ ಮಿಷನ್ ಕೆಲಸದ ಕಾಲದಲ್ಲಿ ಎಷ್ಟೋ ಊರಲ್ಲಿ ಆಗಿವೆ. ಅಂಥ ಬೀದಿ ನಿಮ್ಮಲ್ಲಿದ್ದರೆ ಜನ ಕೇಳುವ ಮೊದಲೇ ಎಷ್ಟು ಮೀಟರ್ ಬಾಕಿ ಅಂತ ವರದಿಯಲ್ಲಿ ಬರೆದುಬಿಡಿ.

ನೀರಿನ ವಿಷಯದಲ್ಲಿ ‘ನೂರಕ್ಕೆ ನೂರು ಮನೆಗೆ ನಲ್ಲಿ’ ಅನ್ನುವ ಲೆಕ್ಕ ಸಾಲುವುದಿಲ್ಲ. ಜಲ ಜೀವನ್ ಮಿಷನ್ ಯೋಜನೆಯ ಮಾತೇ ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275 ಲೀಟರ್ ಆಯಿತು. ಇದು ಸಿಗುತ್ತಿದೆಯೇ ಅಂತ ನೋಡಲು ಟ್ಯಾಂಕ್ ಹತ್ತಿರದ ಮನೆಗೆ ಹೋಗಬೇಡಿ, ಲೈನ್‌ನ ಕೊನೆಯ ಮನೆಗೆ ಹೋಗಿ. ನೀರು ಬಿಟ್ಟ ಹೊತ್ತಿನಲ್ಲಿ 20 ಲೀಟರ್ ಬಕೆಟ್ ಇಟ್ಟು ಸಮಯ ನೋಡಿ. ನಾಲ್ಕು ನಿಮಿಷಕ್ಕೆ ತುಂಬಿದರೆ ನಿಮಿಷಕ್ಕೆ 5 ಲೀಟರ್. 275 ಲೀಟರ್‌ಗೆ 55 ನಿಮಿಷ ಬೇಕು. ನೀರುಗಂಟಿ ಆ ಲೈನಿಗೆ ಅರ್ಧ ಗಂಟೆ ಮಾತ್ರ ವಾಲ್ವ್ ತೆರೆದರೆ ಆ ಮನೆಗೆ ಅರ್ಧದಷ್ಟೇ ನೀರು. ಇಷ್ಟು ತಿಳಿದರೆ ವಾಲ್ವ್ ಸರದಿ ಬದಲಿಸಬೇಕೋ, ಹೊಸ ಕೊಳವೆಬಾವಿ ಬೇಕೋ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಹಲವು ಕಡೆ ಎರಡೂ ಬೇಕಿರುವುದಿಲ್ಲ. ನಡುವಿನ ನಾಲ್ಕು ಮನೆಯವರು ನಲ್ಲಿಗೇ ಮೋಟಾರ್ ಹಾಕಿ ಎಳೆಯುತ್ತಿರುತ್ತಾರೆ. ಸಭೆಯಲ್ಲಿ ಅವರ ಹೆಸರು ಹೇಳಬೇಡಿ. ಮೊದಲು ನೋಟಿಸ್ ಕೊಡಿ, ವರದಿಯಲ್ಲಿ ಎಷ್ಟು ನೋಟಿಸ್ ಕೊಟ್ಟಿರಿ ಅನ್ನುವ ಸಂಖ್ಯೆ ಸಾಕು.

ಕ್ಲೋರಿನ್ ಬಗ್ಗೆ ‘ನಿಯಮಿತವಾಗಿ ಹಾಕಲಾಗುತ್ತಿದೆ’ ಅನ್ನುವುದೂ ಅಷ್ಟೇ ಪೊಳ್ಳು. 50,000 ಲೀಟರ್ ಓವರ್‌ಹೆಡ್ ಟ್ಯಾಂಕ್‌ಗೆ ಲೀಟರ್‌ಗೆ 1 ಮಿಲಿಗ್ರಾಂ ಲೆಕ್ಕದಲ್ಲಿ 50 ಗ್ರಾಂ ಕ್ಲೋರಿನ್ ಬೇಕು. ಪುಡಿಯಲ್ಲಿ ಕ್ಲೋರಿನ್ ಶೇ 25 ಇದ್ದರೆ 200 ಗ್ರಾಂ ಬ್ಲೀಚಿಂಗ್ ಪೌಡರ್. ಆದರೆ ಬಾಯಿ ಬಿಚ್ಚಿ ಪಂಪ್‌ಹೌಸ್ ಮೂಲೆಯಲ್ಲಿ ಇಟ್ಟ ಚೀಲದ ಪುಡಿಯಲ್ಲಿ ಶೇ 25 ಉಳಿದಿರುವುದಿಲ್ಲ. ತೇವ ಹೀರಿ ಗಟ್ಟಿಯಾಗಿ, ಮೂಗಿಗೆ ವಾಸನೆಯೇ ಹೊಡೆಯದಿದ್ದರೆ ಅದು ಬರೀ ಸುಣ್ಣಕ್ಕೆ ಸಮ. ಪುಡಿಯನ್ನು ನೇರ ಟ್ಯಾಂಕ್‌ಗೆ ಸುರಿಯುವುದೂ ತಪ್ಪು, ತಳದಲ್ಲಿ ಸುಣ್ಣ ಕೂರುತ್ತದೆ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕಲಸಿ, ಕೂರಲು ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಹಾಕಿ ಅರ್ಧ ಗಂಟೆ ಕಾಯಬೇಕು. ಸರಿಯಾಯಿತೇ ಅನ್ನುವುದಕ್ಕೆ ಸಾಕ್ಷಿ ಟ್ಯಾಂಕ್ ಅಲ್ಲ, ಮತ್ತೆ ಅದೇ ಕೊನೆಯ ಮನೆಯ ನಲ್ಲಿ: ಅಲ್ಲಿ ಲೀಟರ್‌ಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಪರೀಕ್ಷಾ ಕಿಟ್‌ನಲ್ಲಿ ಬಣ್ಣ ನೋಡಿ ತಿಂಗಳಿಗೆ ಎಷ್ಟು ಸಲ ಬರೆದಿಟ್ಟಿದ್ದಾರೆ ಅನ್ನುವುದನ್ನು ವರದಿಗೆ ಸೇರಿಸಿ. ಕೋಲಾರ, ತುಮಕೂರು, ಚಿತ್ರದುರ್ಗದಂಥ ಜಿಲ್ಲೆಗಳಲ್ಲಿ ಫ್ಲೋರೈಡ್ ಫಲಿತಾಂಶವನ್ನೂ ಹೇಳಲೇಬೇಕು, ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದ ಕೊಳವೆಬಾವಿ ಯಾವುದು ಅಂತ ತಾಯಂದಿರಿಗೆ ಗೊತ್ತಾಗಲಿ.

ಬೀದಿ ದೀಪಕ್ಕೆ ಕಂಬದ ನಂಬರ್ ಬರೆಸಿ. ‘12 ದೀಪ ದುರಸ್ತಿ’ ಅಂದರೆ ಯಾರಿಗೂ ಏನೂ ತಿಳಿಯದು. 20 ವ್ಯಾಟ್‌ನ 100 ಎಲ್‌ಇಡಿ ದೀಪ ರಾತ್ರಿ 11 ಗಂಟೆ ಉರಿದರೆ 22 ಯೂನಿಟ್. ಸ್ವಿಚ್ ಆಫ್ ಮಾಡುವವರಿಲ್ಲದೆ ಹಗಲೂ ಉರಿದರೆ 48 ಯೂನಿಟ್. ಟೈಮರ್ ಕೆಟ್ಟ ಸರ್ಕ್ಯೂಟ್ ಎಷ್ಟಿದೆ ಅನ್ನುವುದು ಬಿಲ್ ನೋಡಿದರೇ ಗೊತ್ತಾಗುತ್ತದೆ.

ಹಣದ ಪ್ರಶ್ನೆಗೆ ಅಧ್ಯಕ್ಷರು ಸಿಕ್ಕಿಬೀಳುವುದು ಹೀಗೆ: ‘ಖಾತೆಯಲ್ಲಿ ಇಷ್ಟು ಲಕ್ಷ ಇದೆಯಂತೆ, ನಮ್ಮ ಬೀದಿಗೆ ರಸ್ತೆ ಯಾಕಿಲ್ಲ?’ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021-22ರಿಂದ 2025-26ರವರೆಗಿನ ನಿಯಮ ಪ್ರಕಾರ 100 ರೂಪಾಯಿಯಲ್ಲಿ 30 ಕುಡಿಯುವ ನೀರಿಗೆ, 30 ನೈರ್ಮಲ್ಯಕ್ಕೆ ಕಟ್ಟಿಹಾಕಿದ ಹಣ. ಉಳಿದ 40ರಲ್ಲಿ ಊರಿನ ಬೇರೆ ಅಗತ್ಯ ನೋಡಿಕೊಳ್ಳಬೇಕು, ಅದನ್ನೂ ಸಂಬಳಕ್ಕೆ ಬಳಸುವಂತಿಲ್ಲ. ಇದನ್ನು ಸಭೆಯಲ್ಲಿ ಹೀಗೇ ನೂರು ರೂಪಾಯಿ ಲೆಕ್ಕದಲ್ಲಿ ಹೇಳಿ. ಒಟ್ಟು ಬಾಕಿ ಒಂದೇ ಮೊತ್ತವಾಗಿ ಓದಿದರೆ ಅನುಮಾನಕ್ಕೆ ದಾರಿ. ಮನೆ ಕಂದಾಯ, ನೀರಿನ ಕರ ಎಷ್ಟು ಬರಬೇಕಿತ್ತು, ಎಷ್ಟು ಬಂತು ಅನ್ನುವುದನ್ನು ವಾರ್ಡ್‌ವಾರು ಓದಿ; ಆ ಸ್ವಂತ ಸಂಪನ್ಮೂಲದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಮೀಸಲಿಟ್ಟ ಪಾಲು ಮತ್ತು ಅಂಗವಿಕಲರ ಶೇ 5 ಯಾವುದಕ್ಕೆ ಖರ್ಚಾಯಿತು ಅನ್ನುವುದನ್ನು ಬಿಡಿಸಿ ಹೇಳಿ. ಈ ಎರಡು ಸಾಲು ಬಿಟ್ಟುಹೋದ ವರದಿ ಅಪೂರ್ಣ ಅಂತಲೇ ನನ್ನ ಲೆಕ್ಕ.

ಕಸದ ಗಾಡಿ ಬಗ್ಗೆ ಒಂದೇ ಮಾತು. ಸ್ವಚ್ಛ ವಾಹಿನಿ ಯಾವ ವಾರ ಯಾವ ಬೀದಿ ತಪ್ಪಿಸಿತು, ಯಾಕೆ ಅನ್ನುವುದನ್ನು ಓಡಿಸುವ ಮಹಿಳೆಯರನ್ನೇ ಕೇಳಿ ಬರೆಯಿರಿ. ಬಹುಪಾಲು ಡೀಸೆಲ್ ಹಣ ತಡವಾಗಿದ್ದು ಇಲ್ಲವೇ ಗಾಡಿ ಗ್ಯಾರೇಜ್‌ನಲ್ಲಿ ನಿಂತಿದ್ದು ಕಾರಣವಾಗಿರುತ್ತದೆ, ಅವರ ತಪ್ಪಲ್ಲ.

ಇಷ್ಟಕ್ಕೆಲ್ಲ ಸಭೆಗೆ ಹತ್ತು ದಿನ ಮೊದಲೇ ಕೆಲಸ ಶುರುವಾಗಬೇಕು. ಮೊದಲ ಮೂರು ದಿನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ), ಆಯಾ ವಾರ್ಡ್ ಸದಸ್ಯರು, ನೀರುಗಂಟಿ ಸೇರಿ ಸ್ಥಳ ನೋಡಿ ಬರಲಿ. ವಾರ್ಡ್ ಸಭೆಯಲ್ಲಿ ಬಂದ ಬೇಡಿಕೆಗಳ ಪುಸ್ತಕ ಕೈಯಲ್ಲಿರಲಿ. ಹಿಂದಿನ ಗ್ರಾಮ ಸಭೆಯ ನಡವಳಿಯೂ ಇರಲಿ. ವರದಿಯ ಮೊದಲ ಪುಟ ಹೋದ ಸಲದ ಪ್ರಶ್ನೆಗಳಿಗೆ ಉತ್ತರವಾಗಿರಬೇಕು. ಆಗದ ಕೆಲಸಕ್ಕೆ ‘ಆಗಿಲ್ಲ’ ಅಂತಲೇ ಬರೆದು, ಕಾರಣ ಮತ್ತು ಮುಂದಿನ ದಿನಾಂಕ ಸೇರಿಸಿ. ಅಧ್ಯಕ್ಷರು ಬದಲಾದಾಗ ಹೊಸ ಡಿಜಿಟಲ್ ಸಹಿ ನೋಂದಣಿಯಾಗುವವರೆಗೆ ಪಾವತಿ ನಿಲ್ಲುವುದುಂಟು; ಅದನ್ನೂ ಮುಚ್ಚಿಡದೆ ಹೇಳಿ.

ಓದಿದ ವರದಿಯ ಪ್ರತಿಯನ್ನು ಪಂಚಾಯಿತಿ ನೋಟಿಸ್ ಬೋರ್ಡ್‌ಗೆ ಹಾಕಿದರೆ ಕಚೇರಿಗೆ ಬಂದವರು ಮಾತ್ರ ನೋಡುತ್ತಾರೆ. ಅರಿವು ಕೇಂದ್ರ (ಪಂಚಾಯಿತಿ ಗ್ರಂಥಾಲಯ), ನ್ಯಾಯಬೆಲೆ ಅಂಗಡಿ, ಹಾಲಿನ ಡೇರಿ ಗೋಡೆಗೂ ದಪ್ಪಕ್ಷರದಲ್ಲಿ ಅಂಟಿಸಿ. ಡೇರಿಗೆ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಜನ ಕ್ಯಾನ್ ಹಿಡಿದು ಬರುತ್ತಾರೆ, ಹಾಲು ಅಳೆಸುವ ಸರದಿ ಬರುವವರೆಗೆ ನಿಂತು ಓದುತ್ತಾರೆ.